ಜಾನ್ಸನ್ ಮತ್ತು ಅವನ ಗಿರಾಕಿಗಳು

ಇಂಗ್ಲಿಷ್ ಸಾಹಿತ್ಯ ಚರಿತ್ರೆ ಓದಿದವರಿಗೆ ಸ್ಯಾಮ್ಯುಯೆಲ್ ಜಾನ್ಸನ್‌ನ ಒಂದು ಪತ್ರ ಗೊತ್ತಿರುತ್ತದೆ. 1747ರಲ್ಲಿ ಅವನು ತನ್ನ ನಿಘಂಟಿನ ಯೋಜನೆಯನ್ನು ಲಾರ್ಡ್ ಚೆಸ್ಟರ್‌ಫೀಲ್ಡ್‌ನನ್ನು ಉದ್ದೇಶಿಸಿ ಪ್ರಕಟಿಸಿದ್ದ. ಮುಂದಿನ ಏಳು ವರ್ಷ ಆ ಶ್ರೀಮಂತನಿಂದ ಹೇಳಿಕೊಳ್ಳುವಂಥ ನೆರವು ಬರಲಿಲ್ಲ. ಕೆಲಸ ಮುಗಿಯುತ್ತ ಬಂದಾಗ ಮಾತ್ರ ಪತ್ರಿಕೆಯಲ್ಲಿ ಹೊಗಳಿಕೆ ಬಂತು. 1755ರ ಫೆಬ್ರವರಿ 7ರಂದು ಪತ್ರ ಬರೆದು ಜಾನ್ಸನ್ ಆ ಹೊಗಳಿಕೆಯನ್ನು ನಯವಾಗಿಯೇ ನಿರಾಕರಿಸಿದ. ಆಶ್ರಯದಾತರ ಕಾಲ ಮುಗಿದು ಲೇಖಕ ಸ್ವತಂತ್ರನಾದ ಗಳಿಗೆ ಇದು ಎಂದು ತರಗತಿಗಳಲ್ಲಿ ಹೇಳಿಕೊಡುತ್ತಾರೆ.

ಆದರೆ ಈ ಕಥೆಯಲ್ಲಿ ದುಡ್ಡಿನ ಲೆಕ್ಕ ಬರುವುದಿಲ್ಲ. ಜಾನ್ಸನ್ ನಿಘಂಟು ಬರೆದದ್ದು ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಒಂದು ಕೂಟಕ್ಕಾಗಿ. 1746ರ ಜೂನ್‌ನಲ್ಲಿ ಆದ ಕರಾರಿನ ಮೊತ್ತ 1,500 ಗಿನಿ, ಅಂದರೆ 1,575 ಪೌಂಡ್. ಕೇಳಲು ದೊಡ್ಡ ಮೊತ್ತವೇ. ಆದರೆ ಅದು ಕಂತುಗಳಲ್ಲಿ ಬರುತ್ತಿತ್ತು; ಆರು ಜನ ಸಹಾಯಕರ ಸಂಬಳವೂ ಅದರಲ್ಲೇ ಹೋಗಬೇಕಿತ್ತು. ಮೂರು ವರ್ಷದಲ್ಲಿ ಮುಗಿಸುತ್ತೇನೆಂದ ಕೆಲಸ ಹತ್ತಿರ ಹತ್ತಿರ ಒಂಬತ್ತು ವರ್ಷ ಹಿಡಿಯಿತು. ತಡವಾದ ಪ್ರತಿ ತಿಂಗಳ ನಷ್ಟ ಬರೆಯುವವನದೇ. ನಿಘಂಟು ಹೊರಬಂದು ವರ್ಷ ತುಂಬುವ ಮೊದಲೇ, 1756ರ ಮಾರ್ಚ್‌ನಲ್ಲಿ, 5 ಪೌಂಡ್ 18 ಶಿಲಿಂಗ್ ಸಾಲಕ್ಕಾಗಿ ಜಾನ್ಸನ್ ಬಂಧನಕ್ಕೊಳಗಾದ. ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಆರು ಗಿನಿ ಕಳಿಸಿ ಬಿಡಿಸಬೇಕಾಯಿತು.

ಫ್ರೀಲ್ಯಾನ್ಸ್ ಎಂಬ ಪದ ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ. ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ 'ಐವನ್‌ಹೋ'ದಲ್ಲಿ ಅದು ಯಾರ ಪರವಾಗಿಯಾದರೂ ಕಾದಾಡುವ ಬಾಡಿಗೆ ಸೈನಿಕರಿಗೆ ಸಂದ ಹೆಸರು. ಬರಹಗಾರರಿಗೆ ಅದು ಅಂಟಿಕೊಂಡದ್ದು ಆಮೇಲೆ. ಆದರೆ ಪದಕ್ಕಿಂತ ಮೊದಲೇ ಕಸುಬು ಇತ್ತು. ಒಬ್ಬ ಒಡೆಯನ ಜಾಗಕ್ಕೆ ಹಲವು ಗಿರಾಕಿಗಳು ಬಂದರು, ಅಷ್ಟೇ.

ಆ ಗಿರಾಕಿಗಳು ಕೊಳ್ಳುತ್ತಿದ್ದದ್ದು ಬರಹವನ್ನು ಮಾತ್ರವಲ್ಲ, ಬರೆದವನ ಮೌನವನ್ನೂ. ಜಾನ್ಸನ್ ಪಾದ್ರಿಗಳಿಗೆ ಸುಮಾರು ನಲವತ್ತು ಧರ್ಮೋಪದೇಶಗಳನ್ನು ಬರೆದುಕೊಟ್ಟ. ಇತರರ ಪುಸ್ತಕಗಳಿಗೆ ಅರ್ಪಣೆ, ಮುನ್ನುಡಿಗಳನ್ನು ಬರೆದ. 1766ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪ್ರಾಧ್ಯಾಪಕನಾದ ರಾಬರ್ಟ್ ಚೇಂಬರ್ಸ್‌ಗೆ ಪಾಠದ ಉಪನ್ಯಾಸಗಳು ಬರೆಯಲಾಗದೆ ಕೈಕಟ್ಟಿದಂತಾದಾಗ ಗುಟ್ಟಾಗಿ ನೆರವಾದವನೂ ಜಾನ್ಸನ್ನನೇ. ಇಲ್ಲಿ ಹಣಕ್ಕಿಂತ ಸ್ನೇಹ ದೊಡ್ಡದಿತ್ತು. ಆದರೂ ಹೆಸರು ಮಾತ್ರ ಚೇಂಬರ್ಸ್‌ನದು. ಅದೇ ಚೇಂಬರ್ಸ್ 1774ರಲ್ಲಿ ಕಲ್ಕತ್ತದ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶನಾಗಿ ಬಂದ. ಉಪನ್ಯಾಸಗಳಲ್ಲಿ ಜಾನ್ಸನ್ನನ ಪಾಲು ಎಷ್ಟಿತ್ತೆಂದು ವಿದ್ವಾಂಸರು ಕೆದಕಿ ನೋಡಿದ್ದು 20ನೇ ಶತಮಾನದಲ್ಲಿ.

ಇವುಗಳ ಬಗ್ಗೆ ಜಾನ್ಸನ್‌ಗೆ ಸಂಕೋಚವಿರಲಿಲ್ಲ. ಕೂಲಿ ಪಡೆದ ಮೇಲೆ ಆ ಉಪದೇಶಗಳು ಏನಾದವೆಂದು ವಿಚಾರಿಸುವ ಹಕ್ಕು ತನಗಿಲ್ಲ ಎಂಬುದು ಅವನ ನಿಲುವಾಗಿತ್ತೆಂದು ಸ್ನೇಹಿತ ಜಾನ್ ಹಾಕಿನ್ಸ್ ದಾಖಲಿಸಿದ್ದಾನೆ. ಅವನನ್ನು ಕಾಡಿದ್ದು ಬೇರೊಂದು ಕೆಲಸ. 1740ರ ದಶಕದ ಆರಂಭದಲ್ಲಿ ಎಡ್ವರ್ಡ್ ಕೇವ್‌ನ 'ಜಂಟಲ್‌ಮನ್ಸ್ ಮ್ಯಾಗಜೀನ್'ಗೆ ಅವನು ಪಾರ್ಲಿಮೆಂಟಿನ ಚರ್ಚೆಗಳನ್ನು ಬರೆಯುತ್ತಿದ್ದ. ಅವನ್ನು ವರದಿ ಮಾಡುವುದು ನಿಷಿದ್ಧವಾದ್ದರಿಂದ ಪತ್ರಿಕೆ ಅವು ಲಿಲಿಪುಟ್ ಸೆನೆಟ್ಟಿನ ಚರ್ಚೆಗಳೆಂದು ಮುದ್ರಿಸುತ್ತಿತ್ತು. ಯಾರೋ ತಂದುಕೊಟ್ಟ ತುಣುಕು ಟಿಪ್ಪಣಿಗಳ ಮೇಲೆ ಜಾನ್ಸನ್ ಕೋಣೆಯಲ್ಲಿ ಕೂತು ಭಾಷಣಗಳನ್ನು ಕಟ್ಟುತ್ತಿದ್ದ. ಜನ ಅವನ್ನು ನಿಜವಾದ ಭಾಷಣಗಳೆಂದೇ ನಂಬಿದ್ದಾರೆಂದು ತಿಳಿದಾಗ ಆ ಕೆಲಸ ಬಿಟ್ಟ. ಸಾಯುವ ಕಾಲದಲ್ಲೂ ಅದರ ಬಗ್ಗೆ ಅವನಿಗೆ ಕೊರಗಿತ್ತು.

ಈ ಎರಡು ಕೆಲಸಗಳ ನಡುವಿನ ಗೆರೆ ಮುಖ್ಯ. ಉಪದೇಶ ಮಾರಿದಾಗ ಅವನು ಕಳೆದುಕೊಂಡದ್ದು ತನ್ನ ಹೆಸರನ್ನು. ಅದು ಅವನದೇ ಸೊತ್ತು. ಚರ್ಚೆಗಳಲ್ಲಿ ಮಾರಾಟವಾದದ್ದು ಓದುಗನ ನಂಬಿಕೆ. ಅದು ಅವನದೂ ಅಲ್ಲ, ಕೇವ್‌ನದೂ ಅಲ್ಲ. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಬೇರೆಯವರ ಹಸ್ತಪ್ರತಿ ತಿದ್ದಿ, ಭಾಷಣ ಬರೆದುಕೊಟ್ಟು ಬಾಡಿಗೆ ಕಟ್ಟುವ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಗೆರೆ ದಿನನಿತ್ಯದ ಪ್ರಶ್ನೆ. ವಾಕ್ಯ ತಿದ್ದಿಕೊಡುವುದು ಒಂದು. ಪದವಿಗಾಗಿ ಸಲ್ಲಿಸುವ ಪ್ರಬಂಧವನ್ನೇ ಬರೆದುಕೊಡುವುದು ಇನ್ನೊಂದು. ಎರಡಕ್ಕೂ ಕೂಲಿ ಸಿಗುತ್ತದೆ.

ಇಷ್ಟಾದರೂ ಜಾನ್ಸನ್‌ನನ್ನು ಕೇವಲ ಕೂಲಿಕಾರನೆಂದು ನೋಡಿದರೆ ಅರ್ಧ ಸತ್ಯವಾಗುತ್ತದೆ. ಗಫ್ ಸ್ಕ್ವೇರ್‌ನ ಮನೆಯ ಅಟ್ಟದಲ್ಲಿ ಉಲ್ಲೇಖಗಳನ್ನು ನಕಲು ಮಾಡುತ್ತಿದ್ದ ಆ ಆರು ಜನರಿಗೆ ಅವನೇ ಯಜಮಾನ. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಅವರಲ್ಲೊಬ್ಬ ರಾಬರ್ಟ್ ಶೀಲ್ಸ್. 1753ರಲ್ಲಿ ಕವಿಚರಿತ್ರೆಯ ಐದು ಸಂಪುಟಗಳು 'ಮಿಸ್ಟರ್ ಸಿಬರ್' ಹೆಸರಿನಲ್ಲಿ ಬಂದವು. ಬರೆದವನು ಶೀಲ್ಸ್, ಸಾಲಗಾರರ ಸೆರೆಯಲ್ಲಿದ್ದ ನಟ ಥಿಯೋಫಿಲಸ್ ಸಿಬರ್‌ಗೆ ಹೆಸರಿನ ಬಾಡಿಗೆಯಾಗಿ ಹತ್ತು ಗಿನಿ ಸಿಕ್ಕಿತು ಎಂದು ಮುಂದೆ ಜಾನ್ಸನ್ ಹೇಳಿದ. ಸಿಬರ್ ಅದನ್ನು ತಿದ್ದಿದ್ದನೆಂದು ವಾದಿಸಿದವರೂ ಉಂಟು. ಆ ವರ್ಷದ ಡಿಸೆಂಬರ್‌ನಲ್ಲಿ ಶೀಲ್ಸ್ ಕ್ಷಯದಿಂದ ತೀರಿಕೊಂಡ. ನಿಘಂಟನ್ನು ಅವನು ನೋಡಲಿಲ್ಲ.

1755ರ ಏಪ್ರಿಲ್‌ನಲ್ಲಿ ಎರಡು ಭಾರೀ ಸಂಪುಟಗಳಲ್ಲಿ ನಿಘಂಟು ಹೊರಬಂತು. ಶೀರ್ಷಿಕೆ ಪುಟದಲ್ಲಿ ಕರ್ತೃವೆಂದು ಇರುವುದು ಒಂದೇ ಹೆಸರು. ಚೆಸ್ಟರ್‌ಫೀಲ್ಡ್‌ಗೆ ಬರೆದ ಪತ್ರವನ್ನು ಪಾಠ ಮಾಡುವಾಗ ಶೀಲ್ಸ್‌ನ ಕಥೆಯನ್ನೂ ಜೊತೆಗೆ ಹೇಳಿದರೆ, ಸ್ವತಂತ್ರ ಲೇಖಕನ ಚರಿತ್ರೆ ಸ್ವಲ್ಪ ನೇರವಾದೀತು.