ಬಿಸಿಲು ಬಂದಿದೆ, ಆದರೆ ನೀರು ಇನ್ನೂ ಚಳಿಗಾಲದಲ್ಲೇ ಇದೆ: ಒಂಟಾರಿಯೊ ಸರೋವರದಲ್ಲಿ ವಸಂತಕಾಲದ ಮೀನುಬೇಟೆ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಕೆನಡಾದಲ್ಲೋ ಅಮೆರಿಕದಲ್ಲೋ ಇರುವ ನಮ್ಮವರಿಂದ ಫ್ಯಾಮಿಲಿ ಗ್ರೂಪಿಗೆ ಒಂದು ಬಗೆಯ ಫೋಟೊ ಬರುತ್ತದೆ. ಹಿಂದೆ ಸಮುದ್ರದಂತೆ ಕಾಣುವ ನೀಲಿ ನೀರು, ಮೇಲೆ ಒಳ್ಳೆಯ ಬಿಸಿಲು, ಟೀ ಶರ್ಟ್ ತೊಟ್ಟವರ ಕೈಯಲ್ಲಿ ಮೊಳದುದ್ದದ ಮೀನು. ಅದರ ಕೆಳಗೆ ಸಾಲು ಸಾಲು ಮೆಸೇಜುಗಳು. ‘ಇದ್ಯಾವ ಮೀನು?’, ‘ಸಮುದ್ರದ ಸಾಲ್ಮನ್ ಸರೋವರಕ್ಕೆ ಹೇಗೆ ಬಂತು?’, ‘ಅಲ್ಲಿಯ ಮೀನಲ್ಲಿ ವಿಷ ಇದೆಯಂತೆ, ತಿನ್ನಬೇಡಿ’, ‘ಇಷ್ಟು ಬಿಸಿಲಿದೆ, ನೀರಿಗೂ ಇಳೀಬಹುದಲ್ವಾ?’

ಈ ಪ್ರಶ್ನೆಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ವಸಂತದಲ್ಲಿ ದೊಡ್ಡ ಮೀನುಗಳನ್ನು ದಡದ ಹತ್ತಿರ ತರುವುದೂ, ಎಚ್ಚರ ತಪ್ಪಿದ ಮನುಷ್ಯನ ಜೀವ ತೆಗೆಯುವುದೂ ಒಂದೇ ಸಂಗತಿ. ಅದು ಸರೋವರದ ಕೊರೆಯುವ ನೀರು. ಟೊರೊಂಟೊ, ಮಿಸಿಸಾಗಾ, ಹ್ಯಾಮಿಲ್ಟನ್, ರಾಚೆಸ್ಟರ್ ಊರುಗಳೆಲ್ಲ ಇರುವ ಒಂಟಾರಿಯೊ ಸರೋವರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಅರ್ಥ ಮಾಡಿಕೊಳ್ಳೋಣ.

ಎಷ್ಟು ದೊಡ್ಡ ಸರೋವರ? ಯಾವ ಯಾವ ಮೀನು?

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ವಿಸ್ತೀರ್ಣದಲ್ಲಿ ಒಂಟಾರಿಯೊ ಅತ್ಯಂತ ಚಿಕ್ಕದು. ಹಾಗಿದ್ದರೂ ಅದರ ವಿಸ್ತೀರ್ಣ ಸುಮಾರು 19,000 ಚದರ ಕಿಲೋಮೀಟರ್. ಅಂದರೆ ನಮ್ಮ ಕೊಡಗು ಜಿಲ್ಲೆಯಂಥ ನಾಲ್ಕೂವರೆ ಜಿಲ್ಲೆಗಳು ಅದರಲ್ಲಿ ಹಿಡಿಸುತ್ತವೆ. ಅತಿ ಆಳದ ಜಾಗದಲ್ಲಿ 244 ಮೀಟರ್ ಇದೆ. ಇಷ್ಟು ಆಳ ಇರುವುದರಿಂದಲೇ ಹೆಚ್ಚಿನ ವರ್ಷಗಳಲ್ಲಿ ಅದು ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಅದೇ ಕಾರಣಕ್ಕೆ ಬೇಗ ಬಿಸಿಯಾಗುವುದೂ ಇಲ್ಲ.

ಲೇಕ್ ಟ್ರೌಟ್ ಇಲ್ಲಿಯ ಮೂಲ ನಿವಾಸಿ. ಬ್ರೌನ್ ಟ್ರೌಟ್ ಯುರೋಪಿನಿಂದ ಬಂದದ್ದು. ರೇನ್‌ಬೋ ಟ್ರೌಟ್, ಚಿನೂಕ್ ಸಾಲ್ಮನ್, ಕೋಹೊ ಸಾಲ್ಮನ್ ಮೂರೂ ಪೆಸಿಫಿಕ್ ಕರಾವಳಿಯ ಕಡೆಯವು. ಹಾಗಾದರೆ ಇಲ್ಲಿಗೆ ಹೇಗೆ ಬಂದವು? ಈ ಸರೋವರದ್ದೇ ಆದ ಅಟ್ಲಾಂಟಿಕ್ ಸಾಲ್ಮನ್ 19ನೇ ಶತಮಾನ ಮುಗಿಯುವ ಹೊತ್ತಿಗೆ ಕಣ್ಮರೆಯಾಗಿತ್ತು. ಆಮೇಲೆ ಮಿತಿಮೀರಿದ ಬೇಟೆ ಮತ್ತು ಮೀನಿನ ರಕ್ತ ಹೀರುವ ಲ್ಯಾಂಪ್ರೆ ಎಂಬ ಜೀವಿಯ ಕಾಟದಿಂದ ಲೇಕ್ ಟ್ರೌಟ್ ಕೂಡ ಅಳಿದುಹೋಯಿತು. ತಿನ್ನುವ ದೊಡ್ಡ ಮೀನುಗಳಿಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ಲೆಕ್ಕವಿಲ್ಲದಷ್ಟು ಹೆಚ್ಚಿತು. ಅದನ್ನು ಹದ್ದುಬಸ್ತಿನಲ್ಲಿಡಲೆಂದು 1960ರ ದಶಕದ ಕೊನೆಯಲ್ಲಿ ಪೆಸಿಫಿಕ್ ಸಾಲ್ಮನ್ ಮರಿಗಳನ್ನು ತಂದು ಬಿಡಲಾಯಿತು. ಲೇಕ್ ಟ್ರೌಟ್ ಅನ್ನೂ ಮತ್ತೆ ಬೆಳೆಸಲಾಯಿತು. ಸಮುದ್ರವನ್ನೇ ನೋಡದ ಸಾಲ್ಮನ್ ಇಲ್ಲಿರುವುದು ಹೀಗೆ. ಅದು ಫೋಟೊಶಾಪ್ ಅಲ್ಲ.

ಇನ್ನೊಂದು ಗೊಂದಲವೂ ಇದೆ. ನಮ್ಮ ಮಾರುಕಟ್ಟೆಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್ ಮೀನಿಗೂ ಈ ಸಾಲ್ಮನ್‌ಗೂ ನಂಟಿಲ್ಲ. ಅದು ಬೇರೆಯೇ ಕುಟುಂಬದ ಸಮುದ್ರಮೀನು.

ಮೂರನೆಯದು ವಾಲೈ. ಇದು ಟ್ರೌಟೂ ಅಲ್ಲ, ಸಾಲ್ಮನ್ನೂ ಅಲ್ಲ. ಪರ್ಚ್ ಕುಟುಂಬದ ಮೀನು. ಕೆನಡಾದಲ್ಲಿ ಇದನ್ನು ಪಿಕರೆಲ್ ಎಂದೂ ಕರೆಯುತ್ತಾರೆ. ರಾತ್ರಿ ಟಾರ್ಚ್ ಬಿಟ್ಟರೆ ದನದ ಕಣ್ಣು, ಬೆಕ್ಕಿನ ಕಣ್ಣು ಹೊಳೆಯುವಂತೆ ಇದರ ಕಣ್ಣೂ ಹೊಳೆಯುತ್ತದೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರ ಇರುವುದೇ ಕಾರಣ. ಹಾಗಾಗಿ ನಸುಬೆಳಕಿನಲ್ಲಿ, ಕದಡಿದ ನೀರಿನಲ್ಲಿ ಇದಕ್ಕೆ ಬೇಟೆ ಸುಲಭ.

ದೊಡ್ಡ ಮೀನು ಯಾವಾಗಲೂ ಆಳದಲ್ಲೇ ಇರುತ್ತದೆಯೇ?

ಬೇಸಿಗೆಯ ಮಟ್ಟಿಗೆ ಇದು ಬಹುಪಾಲು ನಿಜ. ವಸಂತದಲ್ಲಿ ಅಲ್ಲ. ಕಾರಣ ನೀರಿನ ಒಂದು ವಿಚಿತ್ರ ಗುಣ.

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದಕ್ಕಿಂತ ಬಿಸಿಯಾದರೂ ಹಗುರ, ತಣ್ಣಗಾದರೂ ಹಗುರ. ಚಳಿಗಾಲ ಮುಗಿಯುವಾಗ ಸರೋವರದ ನೀರು 4 ಡಿಗ್ರಿಗಿಂತ ಕೆಳಗಿರುತ್ತದೆ. ಬಿಸಿಲೇರಿದಾಗ ದಡದ ತೆಳು ನೀರು ಮೊದಲು ಬೆಚ್ಚಗಾಗುತ್ತದೆ. ಚಿಕ್ಕ ಪಾತ್ರೆಯ ನೀರು ಹಂಡೆಯ ನೀರಿಗಿಂತ ಬೇಗ ಕಾಯುವ ಹಾಗೆ. ನಯಾಗರ, ಜೆನೆಸೀ, ಒಸ್ವೆಗೊದಂಥ ನದಿಗಳೂ ಬೆಚ್ಚನೆಯ ನೀರು ತಂದು ಸುರಿಯುತ್ತವೆ.

ಈಗ ದಡದ ನೀರು 4 ಡಿಗ್ರಿ ದಾಟಿದೆ, ನಡುವಿನ ನೀರು ಇನ್ನೂ ದಾಟಿಲ್ಲ. ಇವೆರಡೂ ಸೇರುವ ಜಾಗದಲ್ಲಿ ಬೆರೆತ ನೀರು ಸುಮಾರು 4 ಡಿಗ್ರಿಗೆ ಬರುತ್ತದೆ. ಅದು ಎರಡೂ ಕಡೆಯ ನೀರಿಗಿಂತ ಭಾರ. ಆದ್ದರಿಂದ ನೇರ ಕೆಳಗೆ ಇಳಿಯುತ್ತದೆ. ಹೀಗೆ ಇಳಿಯುವ ನೀರು ಕಾಣದ ಗೋಡೆಯಂತೆ ಕೆಲಸ ಮಾಡುತ್ತದೆ. ವಿಜ್ಞಾನಿಗಳು ಇದನ್ನು ಥರ್ಮಲ್ ಬಾರ್ ಎನ್ನುತ್ತಾರೆ. ಬೆಚ್ಚನೆಯ ನೀರು ಮತ್ತು ನದಿಗಳು ತಂದ ಪೋಷಕಾಂಶ ಈ ಗೋಡೆಯೊಳಗೇ, ದಡದ ಪಟ್ಟಿಯಲ್ಲೇ ಉಳಿಯುತ್ತವೆ. ವಾರಗಳು ಕಳೆದಂತೆ ಗೋಡೆ ನಿಧಾನವಾಗಿ ನಡುವಿನತ್ತ ಸರಿದು, ಜೂನ್ ಹೊತ್ತಿಗೆ ಇಲ್ಲವಾಗುತ್ತದೆ.

ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರು ಎರಡು ಡಿಗ್ರಿ ಬೆಚ್ಚಗಾದರೂ ಅದರ ಜೀರ್ಣಶಕ್ತಿ, ಓಡಾಟ ಚುರುಕಾಗುತ್ತವೆ. ಸ್ಮೆಲ್ಟ್, ಏಲ್‌ವೈಫ್‌ನಂಥ ಸಣ್ಣ ಮೀನುಗಳು ದಡದತ್ತ ಬರುತ್ತವೆ. ಅವುಗಳ ಬೆನ್ನಿಗೇ ಟ್ರೌಟ್, ಸಾಲ್ಮನ್ ಬರುತ್ತವೆ. ಬೇಸಿಗೆಯಲ್ಲಿ ಹತ್ತಾರು ಮೀಟರ್ ಆಳದಲ್ಲಿ ಹುಡುಕಬೇಕಾದ ಮೀನು ಏಪ್ರಿಲ್‌ನಲ್ಲಿ ಎದೆಮಟ್ಟದ ನೀರಿನಲ್ಲೂ ಸಿಗಬಹುದು.

ಹಿಡಿಯುವುದು ಹೇಗೆ?

ಅನುಭವಿಗಳು ಮೊದಲು ನೋಡುವುದು ಥರ್ಮಾಮೀಟರ್. ಸುತ್ತಲಿನ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುವ ಜಾಗವೇ ಅವರ ಗುರಿ. ಎರಡನೆಯದು ಬಣ್ಣ. ನದಿಯ ಕೆಂಪು ನೀರು ಸರೋವರದ ತಿಳಿ ನೀರಿಗೆ ಸೇರುವ ಅಂಚಿನಲ್ಲಿ ಬ್ರೌನ್ ಟ್ರೌಟ್ ಹೊಂಚು ಹಾಕಿರುತ್ತದೆ. ಮೂರನೆಯದು ಹೊತ್ತು. ಬೆಳಗಿನ ಜಾವ ಮತ್ತು ಮುಸ್ಸಂಜೆ ಒಳ್ಳೆಯದು.

ದೋಣಿ ಇಲ್ಲದವರು ಬಂದರಿನ ಬಾಯಲ್ಲಿರುವ ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತು ಹೊಳೆಯುವ ಲೋಹದ ಚಮಚದಂಥ ಗಾಳವನ್ನು ದೂರಕ್ಕೆ ಎಸೆದು ಎಳೆಯುತ್ತಾರೆ. ದೋಣಿ ಇದ್ದವರು ಗಂಟೆಗೆ 3–4 ಕಿಲೋಮೀಟರ್ ವೇಗದಲ್ಲಿ ಸಾಗುತ್ತ, ಸಣ್ಣ ಮೀನಿನ ಆಕಾರದ ನಕಲಿ ಗಾಳವನ್ನು ಬಹಳ ಹಿಂದೆ ಬಿಟ್ಟು ಎಳೆಯುತ್ತಾರೆ. ತಿಳಿಯಾದ ತೆಳು ನೀರಿನಲ್ಲಿ ದೋಣಿಯ ನೆರಳಿಗೇ ಮೀನು ಚದುರುತ್ತದೆ. ಅದಕ್ಕಾಗಿ ಪ್ಲೇನರ್ ಬೋರ್ಡ್ ಎಂಬ ಹಲಗೆಗೆ ದಾರ ಸಿಕ್ಕಿಸಿ ಗಾಳವನ್ನು ಪಕ್ಕಕ್ಕೆ ಒಯ್ಯುತ್ತಾರೆ. ಕೋಹೊ ಮೇಲ್ಪದರದಲ್ಲಿ, ಚಿನೂಕ್ ಸ್ವಲ್ಪ ಕೆಳಗೆ, ಲೇಕ್ ಟ್ರೌಟ್ ಸಾಮಾನ್ಯವಾಗಿ ತಳದ ಹತ್ತಿರ ಸಿಗುತ್ತವೆ. ಸಾಲ್ಮನ್‌ಗೆ ವಸಂತದಲ್ಲಿ ಹೆಸರಾದದ್ದು ಸರೋವರದ ಪಶ್ಚಿಮ ಭಾಗ, ಅಂದರೆ ನಯಾಗರ ನದಿ ಸೇರುವ ಕಡೆ.

ಗಾಳಿಯನ್ನೂ ಗಮನಿಸಬೇಕು. ದಡದಿಂದ ಸರೋವರದತ್ತ ಬೀಸುವ ಗಾಳಿ ಬೆಚ್ಚನೆಯ ಮೇಲ್ಪದರವನ್ನು ದೂರ ತಳ್ಳುತ್ತದೆ, ಮೀನೂ ಚದುರುತ್ತದೆ. ಅಪಾಯ ಇರುವುದೂ ಅಲ್ಲೇ. ಇಂಥ ಗಾಳಿಯಲ್ಲಿ ದಡದ ಬಳಿ ನೀರು ತೊಟ್ಟಿಲಿನಂತೆ ಶಾಂತವಾಗಿ ಕಾಣುತ್ತದೆ. ಸ್ವಲ್ಪ ಒಳಗೆ ಹೋದರೆ ಅಲೆ ಎದ್ದಿರುತ್ತದೆ. ಚಿಕ್ಕ ದೋಣಿ, ಕಯಾಕ್‌ನಲ್ಲಿ ಹೋದವರಿಗೆ ವಾಪಸು ಬರುವುದೇ ಕಷ್ಟವಾಗುತ್ತದೆ.

ಹಿಡಿದ ಮೀನನ್ನೆಲ್ಲ ಮನೆಗೆ ಒಯ್ಯಬಹುದೇ?

ಇಲ್ಲ. ವಾಲೈ ಮೊಟ್ಟೆ ಇಡುವುದು ವಸಂತದಲ್ಲೇ, ನೀರು ಸುಮಾರು 6ರಿಂದ 10 ಡಿಗ್ರಿ ಇರುವಾಗ. ನದಿಗಳಲ್ಲಿ, ಕಲ್ಲು ಹಾಸಿನ ತೆಳು ನೀರಿನಲ್ಲಿ ಗುಂಪಾಗಿ ಸೇರಿರುವ ಆ ಹೊತ್ತಿನಲ್ಲಿ ಅದನ್ನು ಹಿಡಿಯುವುದು ಬಹಳ ಸುಲಭ. ಅದಕ್ಕೇ ಮೇ ಆರಂಭದವರೆಗೆ ಅದರ ಬೇಟೆಗೆ ನಿಷೇಧ ಇದೆ. ಅಕಸ್ಮಾತ್ ಸಿಕ್ಕರೆ ತಕ್ಷಣ ನೀರಿಗೆ ಬಿಡಬೇಕು. ಮೊಟ್ಟೆ ಇಟ್ಟು ಮುಗಿಸಿದ ದೊಡ್ಡ ವಾಲೈಗಳು ಕೆನಡಾ ಕಡೆಯ ಕ್ವಿಂಟಿ ಕೊಲ್ಲಿಯಿಂದ ಮತ್ತೆ ಸರೋವರಕ್ಕೆ ಮರಳುತ್ತವೆ.

ಸರೋವರದ ನಡುವೆ ಎರಡು ದೇಶಗಳ ಗಡಿ ಹಾದುಹೋಗಿದೆ. ಉತ್ತರಕ್ಕೆ ಒಂಟಾರಿಯೊ ಪ್ರಾಂತ್ಯ, ದಕ್ಷಿಣಕ್ಕೆ ನ್ಯೂಯಾರ್ಕ್ ರಾಜ್ಯ. ಎರಡರ ಲೈಸೆನ್ಸ್ ಬೇರೆ ಬೇರೆ. ಎಷ್ಟು ಮೀನು, ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು ಎಂಬ ನಿಯಮವೂ ಬೇರೆ. ಆ ವರ್ಷದ ನಿಯಮವನ್ನು ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ. ಹೋದ ವರ್ಷದ ಫಾರ್ವರ್ಡ್ ನಂಬಬೇಡಿ.

‘ಬಿಸಿಲಿದೆ, ಈಜೂ ಬರುತ್ತೆ, ಏನೂ ಆಗಲ್ಲ’: ಇದು ನಿಜವೇ?

ಇದು ಅತ್ಯಂತ ಅಪಾಯಕಾರಿ ನಂಬಿಕೆ. ಗಾಳಿ 20 ಡಿಗ್ರಿ ಇರುವ ದಿನವೂ ನೀರು 5 ಡಿಗ್ರಿ ಇರಬಹುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆದರೆ ಮೊದಲು ಕೊಲ್ಲುವುದು ಮೈ ತಣ್ಣಗಾಗುವುದಲ್ಲ, ಬಿದ್ದ ಕೂಡಲೇ ಆಗುವ ಆಘಾತ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು ‘1-10-1’ ಎಂಬ ಸರಳ ಸೂತ್ರದಲ್ಲಿ ಹೇಳುತ್ತಾರೆ.

ಮೊದಲ 1 ನಿಮಿಷ: ತಣ್ಣೀರು ತಾಗಿದೊಡನೆ ನಮ್ಮ ಹಿಡಿತ ಮೀರಿ ಜೋರಾಗಿ ಉಸಿರು ಎಳೆದುಕೊಳ್ಳುತ್ತೇವೆ. ಆಗ ಬಾಯಿ ನೀರೊಳಗಿದ್ದರೆ ಒಳಗೆ ಹೋಗುವುದು ನೀರು. ಆಮೇಲೆ ಏದುಸಿರು ಶುರುವಾಗುತ್ತದೆ. ಈ ನಿಮಿಷದಲ್ಲಿ ಈಜಲು ಹೋಗದೆ, ತೇಲುತ್ತ ಉಸಿರನ್ನು ಹತೋಟಿಗೆ ತರಬೇಕು.

ಮುಂದಿನ 10 ನಿಮಿಷ: ಕೈಕಾಲು, ಬೆರಳು ಮಾತು ಕೇಳುವುದು ಸುಮಾರು ಇಷ್ಟು ಹೊತ್ತು ಮಾತ್ರ. ದೋಣಿ ಹತ್ತುವುದು, ಹಗ್ಗ ಹಿಡಿಯುವುದು, ಫೋನ್ ಮಾಡುವುದು ಎಲ್ಲ ಇದರೊಳಗೇ ಆಗಬೇಕು. ಎಷ್ಟೇ ಒಳ್ಳೆಯ ಈಜುಗಾರನಾದರೂ ಆಮೇಲೆ ತೋಳು ಏಳುವುದಿಲ್ಲ.

ಸುಮಾರು 1 ಗಂಟೆ: ಮೈಯ ಶಾಖ ಇಳಿದು ಪ್ರಜ್ಞೆ ತಪ್ಪಲು ಇಷ್ಟು ಸಮಯ ಹಿಡಿಯುತ್ತದೆ. ಆದರೆ ಲೈಫ್ ಜಾಕೆಟ್ ಇಲ್ಲದವರು ಆ ಒಂದು ಗಂಟೆಯವರೆಗೆ ತೇಲುವುದೇ ಅನುಮಾನ.

ಊರಿನ ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತವರು ನಮ್ಮಲ್ಲಿ ಅನೇಕರು. ಆ ನೀರು ಮೈಗೆ ಹಿತವಾಗಿರುತ್ತದೆ. ಇಂಥ ನೀರಿನಲ್ಲಿ ಮೈ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಆ ಈಜು ಕಲಿಸಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಹೋಗುವವರೆಲ್ಲ ಲೈಫ್ ಜಾಕೆಟ್ ತೊಡುವುದು ಕಡ್ಡಾಯ. ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಮೈಮೇಲೆ ಇರಬೇಕು. ಮೇ 1ಕ್ಕೆ ಕಾನೂನಿನ ಗಡುವು ಮುಗಿಯುತ್ತದೆ, ನೀರಿನ ಚಳಿ ಮುಗಿಯುವುದಿಲ್ಲ. ಕಟ್ಟೆಯ ಮೇಲೆ ನಿಂತು ಗಾಳ ಹಾಕುವವರಿಗೂ ಇದೇ ಮಾತು. ಒಂದು ಅಲೆ, ಒಂದು ಜಾರುವ ಕಲ್ಲು ಸಾಕು.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. 911ಕ್ಕೆ ಕರೆ ಮಾಡಿ. ಹಗ್ಗ, ಟ್ಯೂಬ್, ಮುಚ್ಚಿದ ಖಾಲಿ ಐಸ್ ಡಬ್ಬಿ, ತೇಲುವ ಏನನ್ನಾದರೂ ಎಸೆಯಿರಿ. ಮೇಲೆ ತಂದ ಮೇಲೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಕೈಕಾಲು ತಿಕ್ಕಬೇಡಿ.

‘ಒಂದು ಪೆಗ್ ಹಾಕಿದರೆ ಚಳಿ ತಾಗಲ್ಲ’ ಎಂಬುದೂ ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಇನ್ನೂ ಬೇಗ ಹೊರಹೋಗುತ್ತದೆ.

‘ಆ ಮೀನಲ್ಲಿ ವಿಷ ಇದೆ’ ಎಂಬ ಫಾರ್ವರ್ಡ್ ನಿಜವೇ?

ಅರ್ಧ ನಿಜ. ಹಿಂದೆ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕಗಳನ್ನು 1970ರ ದಶಕದಲ್ಲೇ ಎರಡೂ ದೇಶಗಳು ನಿಷೇಧಿಸಿದವು. ಆದರೆ ಅವು ಬೇಗ ಕರಗಿಹೋಗುವಂಥವಲ್ಲ. ಸರೋವರದ ಕೆಸರಿನಿಂದ ಸಣ್ಣ ಜೀವಿಗಳಿಗೆ, ಅಲ್ಲಿಂದ ಸಣ್ಣ ಮೀನಿಗೆ, ಕೊನೆಗೆ ದೊಡ್ಡ ಮೀನಿಗೆ ಸೇರುತ್ತ ಹೋಗುತ್ತವೆ. ಹಾಗಾಗಿ ಫೋಟೊಗೆ ಚೆನ್ನಾಗಿ ಕಾಣುವ ಭಾರಿ ಮೀನಿಗಿಂತ ಚಿಕ್ಕ, ಎಳೆಯ ಮೀನು ತಿನ್ನಲು ಉತ್ತಮ.

ಪಿಸಿಬಿ ಸೇರಿಕೊಳ್ಳುವುದು ಕೊಬ್ಬಿನಲ್ಲಿ. ಚರ್ಮ, ಹೊಟ್ಟೆಯ ಮತ್ತು ಬೆನ್ನಿನ ಕೊಬ್ಬನ್ನು ತೆಗೆದು, ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಸುಟ್ಟರೆ ಅದು ಕಡಿಮೆಯಾಗುತ್ತದೆ. ನಮ್ಮ ಮೀನುಸಾರಿನಲ್ಲಿ ಕರಗಿದ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ ಎಂಬುದು ನೆನಪಿರಲಿ. ಪಾದರಸ ಮಾತ್ರ ಮಾಂಸದಲ್ಲೇ ಇರುವುದರಿಂದ ಕತ್ತರಿಸಿ ತೆಗೆಯಲು ಆಗದು. ಯಾವ ಜಾಗದ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂಬ ಪಟ್ಟಿಯನ್ನು ಎರಡೂ ಕಡೆಯ ಸರ್ಕಾರಗಳು ಉಚಿತವಾಗಿ ಕೊಡುತ್ತವೆ. ಗರ್ಭಿಣಿಯರು ಮತ್ತು ಮಕ್ಕಳಿಗೆ ಮಿತಿ ಹೆಚ್ಚು ಕಟ್ಟುನಿಟ್ಟು. ಅಂಗಡಿಯಲ್ಲಿ ಸಿಗುವ ಸಾಲ್ಮನ್‌ಗೆ ಈ ಸಲಹೆ ಅನ್ವಯಿಸುವುದಿಲ್ಲ.

ಗ್ರೂಪಿನಲ್ಲಿ ಹಂಚಲು ಚಿಕ್ಕದಾಗಿ

ವಸಂತದಲ್ಲಿ ದೊಡ್ಡ ಮೀನು ದಡಕ್ಕೆ ಬರುವುದು ನಿಜ. ಸರೋವರದಲ್ಲಿ ಸಾಲ್ಮನ್ ಇರುವುದೂ ನಿಜ. ಮೀನು ತಿನ್ನಬಹುದು, ಆದರೆ ಸರ್ಕಾರದ ಪಟ್ಟಿ ನೋಡಿ, ಮಿತಿಯಲ್ಲಿ. ಬಿಸಿಲು ನೋಡಿ ನೀರನ್ನು ಅಳೆಯುವುದು ಮಾತ್ರ ದೊಡ್ಡ ತಪ್ಪು. ಮುಂದಿನ ಸಲ ಗ್ರೂಪಿಗೆ ಇಂಥ ಫೋಟೊ ಬಂದಾಗ ಮೀನು ಎಷ್ಟು ಕಿಲೋ ಎಂದು ಕೇಳುವ ಮೊದಲು, ಹಿಡಿದವರ ಮೈಮೇಲೆ ಲೈಫ್ ಜಾಕೆಟ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಈ ಲೇಖನವನ್ನು ಅವರಿಗೇ ಕಳಿಸಿ.