ಊರಿನ ಹೆಸರು ಬೈಗುಳವಾದಾಗ

ಊರಿನ ಹೆಸರನ್ನೇ ನುಡಿಗಟ್ಟು ಮಾಡಿಕೊಳ್ಳುವುದು ಇಂಗ್ಲಿಷಿನವರಿಗೆ ಹಳೆಯ ಅಭ್ಯಾಸ. ಒಬ್ಬರ ಜೊತೆ ಎಲ್ಲರೂ ಮಾತು ಬಿಟ್ಟರೆ ಅವರನ್ನು ‘ಕಾವೆಂಟ್ರಿಗೆ ಕಳಿಸಿದ’ ಹಾಗೆ. ಎರಡು ದಶಕಗಳ ಹಿಂದೆ ಅಮೆರಿಕದಲ್ಲಿ ಕೆಲಸ ಭಾರತಕ್ಕೆ ಹೋಗಿ ನೌಕರಿ ಕಳೆದುಕೊಂಡವರು ‘ಬ್ಯಾಂಗಲೋರ್ಡ್’ ಆದರು. ಐಟಿಯಲ್ಲಿರುವ ನಮಗೆ ಈ ಪದ ಗೊತ್ತು. ಆದರೆ ಇದಕ್ಕಿಂತ ಹಳೆಯ ಪದವೊಂದು ನಮ್ಮ ಸೆಂಟ್ರಲ್ ರೈಲ್ವೆ ಮಾರ್ಗದಲ್ಲೇ ಹುಟ್ಟಿದೆ.

ಕಲ್ಯಾಣದಿಂದ ಕಸಾರಾ ಘಾಟಿ ಹತ್ತಿ, ಇಗತ್‌ಪುರಿ ದಾಟಿ ಮುಂದೆ ಹೋದರೆ ನಾಸಿಕ್ ರೋಡ್‌ಗೆ ಮೊದಲು ದೇವಲಾಲಿ ನಿಲ್ದಾಣ ಸಿಗುತ್ತದೆ. 1860ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಸೈನಿಕ ಶಿಬಿರ ಮಾಡಿದರು. ಸೇವೆಯ ಅವಧಿ ಮುಗಿದ ಸಿಪಾಯಿಗಳು ಊರಿಗೆ ಮರಳುವ ಹಡಗಿಗಾಗಿ ಅಲ್ಲಿ ಕಾಯಬೇಕಿತ್ತು. ಸೈನ್ಯದ ಹಡಗುಗಳು ಹೊರಡುತ್ತಿದ್ದುದು ಚಳಿಗಾಲದ ಆಸುಪಾಸಿನ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಯಲ್ಲಿ ಅವಧಿ ಮುಗಿದವರು ತಿಂಗಳುಗಟ್ಟಲೆ ಸುಮ್ಮನೆ ಕೂರಬೇಕು. ಕೆಲಸವಿಲ್ಲ, ಸೆಕೆ, ಮಲೇರಿಯಾ, ಕುಡಿತ. ಕೆಲವರ ಮನಸ್ಸು ಕೆಟ್ಟಿತು. ಅದಕ್ಕೆ ಜೊತೆಯವರು ‘ಡೂಲಾಲಿ ಟ್ಯಾಪ್’ ಎಂದರು. ‘ಟ್ಯಾಪ್’ ಎಂದರೆ ಬೇರೇನಲ್ಲ, ಜ್ವರ, ನಮ್ಮ ‘ತಾಪ’ವೇ. ಇಂದಿಗೂ ಇಂಗ್ಲೆಂಡಿನಲ್ಲಿ ತಲೆ ಕೆಟ್ಟವರನ್ನು ‘ಡೂಲಾಲಿ’ ಎನ್ನುತ್ತಾರೆ. ಹಾಗೆನ್ನುವ ಎಷ್ಟೋ ಜನರಿಗೆ ಅದೊಂದು ಊರು ಎಂಬುದೇ ಗೊತ್ತಿಲ್ಲ.

ಲಂಡನ್ನಿನಲ್ಲೂ ಇದೇ ಕಥೆ. 1247ರಲ್ಲಿ ಆರಂಭವಾದ ಬೆತ್ಲೆಮ್ ಎಂಬ ಮಠ ಮುಂದೆ ಮನೋರೋಗಿಗಳ ಆಸ್ಪತ್ರೆಯಾಯಿತು. ರೋಗಿಗಳನ್ನು ನೋಡಿ ಮೋಜು ಪಡೆಯಲು ಜನ ಅಲ್ಲಿಗೆ ಹೋಗುತ್ತಿದ್ದ ಕಾಲವೂ ಇತ್ತು. ಆ ಹೆಸರೇ ಸವೆದು ‘ಬೆಡ್ಲಮ್’ ಆಯಿತು. ಅರ್ಥ ಗದ್ದಲ, ಗೊಂದಲ.

ನಗುವ ಮೊದಲು ನಮ್ಮ ಮಾತನ್ನೂ ಕೇಳಿಕೊಳ್ಳೋಣ. ಉತ್ತರ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ವಿಶ್ವವಿದ್ಯಾಲಯಕ್ಕಲ್ಲ, 1845ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಗೆ. ಬೆಂಗಳೂರಿನಲ್ಲಿ ಅದೇ ಮಾತು ನಿಮ್ಹಾನ್ಸ್ ಹೆಸರಲ್ಲಿ. ಇಲ್ಲಿ, 1901ರಲ್ಲಿ ಆಸ್ಪತ್ರೆ ಬಂದ ಮೇಲೆ, ಮರಾಠಿಯಲ್ಲಿ ‘ಥಾಣೆಗೆ ಕಳಿಸಿ’ ಎಂಬ ಕುಹಕ ಬಳಕೆಗೆ ಬಂತು. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ತಲುಪಿದ ಊರು ಥಾಣೆ. ಆ ಹೆಮ್ಮೆ ಗಾದೆಯಾಗಲಿಲ್ಲ, ಆಸ್ಪತ್ರೆ ಗಾದೆಯಾಯಿತು.

ಇಂಥ ಮಾತಿಗೆ ಬೆಲೆ ತೆರುವವರು ನಮ್ಮ ಮನೆಗಳಲ್ಲೇ ಇರುತ್ತಾರೆ. ಹೆರಿಗೆಯ ನಂತರ ನಿದ್ದೆಯಿಲ್ಲದೆ ಅಳುವ ಸೊಸೆ, ಒಂಟಿತನದಲ್ಲಿ ಮಂಕಾದ ಅತ್ತೆ, ಪರೀಕ್ಷೆಯ ಭಯದಲ್ಲಿ ಊಟ ಬಿಟ್ಟ ಮಗಳು. ಆಸ್ಪತ್ರೆಯ ಹೆಸರೇ ಬೈಗುಳವಾದರೆ ‘ಡಾಕ್ಟರ ಹತ್ತಿರ ಹೋಗೋಣ’ ಎಂದು ಅವರು ಬಾಯಿ ಬಿಡುವುದು ಹೇಗೆ?

ಕಾನೂನು ತನ್ನ ಭಾಷೆಯನ್ನು ತಿದ್ದಿಕೊಂಡಿದೆ. 1912ರ ಕಾಯ್ದೆಯ ಹೆಸರಿನಲ್ಲೇ ‘ಹುಚ್ಚು’ ಇತ್ತು. 1987ರ ಕಾಯ್ದೆಯಲ್ಲಿ ಅದು ‘ಮಾನಸಿಕ ಆರೋಗ್ಯ’ವಾಯಿತು. 2017ರ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡಬಹುದು, ದುಡ್ಡಿಲ್ಲ.

ದೇವಲಾಲಿಯಲ್ಲಿ ಕಾದು ಕುಳಿತ ಆ ಸಿಪಾಯಿಗಳಿಗೆ ಬೇಕಿದ್ದುದು ಒಂದು ಹಡಗು ಮತ್ತು ಒಬ್ಬ ವೈದ್ಯ. ಸಿಕ್ಕಿದ್ದು ಅಡ್ಡಹೆಸರು. ಸಖಿಯರೇ, ನಮ್ಮ ಮಕ್ಕಳ ಬಾಯಲ್ಲಿ ಥಾಣೆ, ಧಾರವಾಡಗಳು ಬರೀ ಊರುಗಳಾಗಿರಲಿ.