ಹೊಲಕ್ಕೆ ಕಾವಲು, ಕಾವಲಿಗೆ ಹೊಲ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ತಳವಾರ, ನಾಯಕ, ಸನದಿ ಎಂಬ ಅಡ್ಡಹೆಸರುಗಳು ಈಗಲೂ ಮನೆಮಾತು. ಒಂದು ಕಾಲಕ್ಕೆ ಇವು ಕೆಲಸದ ಹೆಸರುಗಳು. ಊರ ಸೀಮೆ ಕಾಯಬೇಕು, ಕಳವಾದರೆ ಹೆಜ್ಜೆ ಹಿಡಿದು ಹೋಗಬೇಕು, ಕಂದಾಯದ ಹಣಕ್ಕೆ ಬೆಂಗಾವಲಾಗಬೇಕು. ಆ ಚಾಕರಿಗೆ ಪಗಾರವಿಲ್ಲ, ಸನದು ಬರೆದುಕೊಟ್ಟ ಹೊಲವೇ ಪಗಾರ. ಹಾಗಾಗಿಯೇ ಶೇತಸನದಿ ಎಂಬ ಮಾತು ಬಂತು. ಈ ಚಾಕರಿಯಲ್ಲಿ ಕುರುಬರೂ ಮುಸಲ್ಮಾನರೂ ಇದ್ದರು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಸೀಳಿಕೊಂಡು ಹರಿದ ಈ ಕಲ್ಲುಗುಡ್ಡಗಳಲ್ಲಿ ನಮ್ಮ ಬೇಡರೂ ತಲೆತಲಾಂತರ ಅದನ್ನೇ ಮಾಡಿದರು.

ಇಂಗ್ಲಿಷರ ಕಾಗದಪತ್ರಗಳು ಬೇಡರನ್ನು ದರೋಡೆಕೋರರೆಂದು ಬರೆದವು. ನಮ್ಮ ಹುಡುಗರು ಇಂದಿಗೂ ಆ ಮಾತು ಓದಿ ತಲೆತಗ್ಗಿಸುವುದು ನನಗೆ ಸಹಿಸದು. ಕಾವಲಿನವನ ಹೊಲ ಕಸಿದವರು ಯಾರು, ಆಯುಧ ಕಿತ್ತವರು ಯಾರು ಎಂಬುದನ್ನೂ ಅವರಿಗೆ ಹೇಳಬೇಕು.

ನಮ್ಮ ಮೂರು ತಾಲೂಕುಗಳ ಸುತ್ತ ಮೂವತ್ತು ವರ್ಷದೊಳಗೆ ಮೂರು ದಂಗೆಗಳಾದವು. ಕಿತ್ತೂರಿನ ಶೇತಸನದಿ, ಕುರುಬರ ಸಂಗೊಳ್ಳಿ ರಾಯಣ್ಣ ತನ್ನ ಹೊಲ ಕಳೆದುಕೊಂಡವನು. ದಂಗೆಯೆದ್ದ ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. 1844ರಲ್ಲಿ ಹುಕ್ಕೇರಿಯ ಪಕ್ಕದ ಗಡಹಿಂಗ್ಲಜ ಸೀಮೆಯ ಸಾಮಾನಗಡದಲ್ಲಿ ಗಡಕರಿಗಳು ಕೋಟೆಯ ಬಾಗಿಲು ಹಾಕಿಕೊಂಡು ನಿಂತರು. ಕೋಟೆ ಕಾಯ್ದದ್ದಕ್ಕೆ ಬಂದ ಜಮೀನನ್ನು ಮಾಮಲೇದಾರರ ಕೈಗೆ ಕೊಟ್ಟದ್ದೇ ಅವರ ಸಿಟ್ಟಿಗೆ ಕಾರಣ. ಆ ಕೋಟೆ ಇಂದು ಮಹಾರಾಷ್ಟ್ರದಲ್ಲಿದೆ. ಆಗ ಕರ್ನಾಟಕ, ಮಹಾರಾಷ್ಟ್ರ ಎಂಬ ಗಡಿ ಇರಲಿಲ್ಲ.

ಮೂರನೆಯದು ಮುಧೋಳ ಸಂಸ್ಥಾನದ ಹಲಗಲಿ, ಮೂಡಲಗಿಯ ಮೂಡಣ ನೆರೆಸೀಮೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಹುಕುಂ ಬಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಆಯುಧ ಹೋದರೆ ಬೇಟೆ ಹೋಯಿತು, ಕಾವಲು ಹೋಯಿತು, ಬದುಕೇ ಹೋಯಿತು. ನವೆಂಬರ್ ಕೊನೆಗೆ ಕಂಪನಿಯ ಫೌಜು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಗೆ ಗಲ್ಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಉಳಿದದ್ದು ಲಾವಣಿಯಿಂದ. ಆ ಲಾವಣಿಯನ್ನು ಬರೆದಿಟ್ಟು ಅಚ್ಚುಹಾಕಿಸಿದವನು ಶಾಸನತಜ್ಞ ಜಾನ್ ಫ್ಲೀಟ್. ಅವನು ಅದೇ ಇಂಗ್ಲಿಷ್ ಸರಕಾರದ ಅಧಿಕಾರಿ. ಇದನ್ನು ನೆನೆದಾಗಲೆಲ್ಲ ಆ ಹಾಡಿನ ಕಸುವು ಎಂಥದಿತ್ತೆಂದು ಬೆರಗಾಗುತ್ತೇನೆ.

ಹಳೆಯ ಹಕ್ಕು ಕಳೆದುಕೊಂಡವರು ನಾವಷ್ಟೇ ಅಲ್ಲ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಪಿರಿನೀಸ್ ಬೆಟ್ಟಸಾಲಿನಲ್ಲಿ ಬಾಸ್ಕ್ ಜನರಿದ್ದಾರೆ. ಅವರ ನುಡಿಗೆ ಲೋಕದಲ್ಲಿ ದಾಯಾದಿ ನುಡಿಯೇ ಸಿಕ್ಕಿಲ್ಲ. 'ಫ್ಯುಯೆರೊ' ಎಂಬ ಹಳೆಯ ಕಟ್ಟಳೆಗಳು ಸ್ಪೇನಿನ ಕಡೆಯ ಬಾಸ್ಕರಿಗೆ ದೊರೆಯ ತೆರಿಗೆಯಲ್ಲೂ ಸೇನಾಚಾಕರಿಯಲ್ಲೂ ವಿನಾಯಿತಿ ಕೊಟ್ಟಿದ್ದವು. ಹಲಗಲಿ ಉರಿದ 19 ವರ್ಷಕ್ಕೆ, 1876ರಲ್ಲಿ, ಸ್ಪೇನ್ ಸರಕಾರ ಆ ವಿನಾಯಿತಿಗಳನ್ನು ತೆಗೆದುಹಾಕಿತು. ಅವರು ನುಡಿ ಬಿಡಲಿಲ್ಲ, ನಾವು ಲಾವಣಿ ಬಿಡಲಿಲ್ಲ.

ನಮ್ಮಲ್ಲಿ ಕಾಗದದ ಮಾತು ತಿರುಗಲು ಬಹಳ ಕಾಲ ಹಿಡಿಯಿತು. 1991ರಲ್ಲಿ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು ನಾಯಕರ ಜೊತೆ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದವು. ಹುಕ್ಕೇರಿ ಸೀಮೆಯ ಯಮಕನಮರಡಿ 2008ರಿಂದ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಪರಿವಾರ, ತಳವಾರ ಎಂಬ ಹೆಸರುಗಳು ಪಟ್ಟಿಗೆ ಬಂದದ್ದು 2020ರಲ್ಲಿ. ಅಷ್ಟರಲ್ಲಿ ತಳವಾರನ ಚಾಕರಿಯೂ ಇರಲಿಲ್ಲ, ಎಷ್ಟೋ ಮನೆಗಳಲ್ಲಿ ಆ ಹೊಲವೂ ಇರಲಿಲ್ಲ.